ಎದೆಯ ಮೇಲೆ ಹೆಸರು, ಕಾಲರಿನೊಳಗೆ ಚುಕ್ಕೆ

ಭಾಲ್ಕಿಯ ಕಚೇರಿಯೊಂದರಲ್ಲಿ ಬೀಳ್ಕೊಡುಗೆ. ತಿಂಗಳ ಕಡೆಯ ದಿನ. ಅರವತ್ತು ತುಂಬಿದ ಅಧಿಕಾರಿಗೆ ಹಾರ ಹಾಕಿ, ಶಾಲು ಹೊದಿಸಿ, ಬಸವಣ್ಣನ ಫೋಟೊ ಕೊಟ್ಟಾದ ಮೇಲೆ ಸಿಬ್ಬಂದಿಯವರು ಪಟ್ಟಿ ಎತ್ತಿ ಹೊಲಿಸಿದ ಜಾಕೀಟೊಂದನ್ನು ತಂದು ತೊಡಿಸಿದರು. ಬೂದು ಬಣ್ಣದ ಬಟ್ಟೆ, ಒಳಗೆ ಹೊಳೆಯುವ ಅಸ್ತರು, ಎಡಗಡೆ ಎದೆಯ ಮೇಲೆ ಬಂಗಾರದ ಬಣ್ಣದ ದಾರದಲ್ಲಿ ಅವರ ಹೆಸರು. ಹೆಸರಿನ ಕೆಳಗೆ ಹುದ್ದೆ. ಚಪ್ಪಾಳೆ ಬಿತ್ತು, ಫೋಟೊ ಆಯಿತು, ಉಪ್ಪಿಟ್ಟು-ಶಿರಾ ಬಂತು. ಪಕ್ಕದಲ್ಲಿ ಕೂತಿದ್ದ ಹಳೆಯ ಗುಮಾಸ್ತರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, "ಐದೂವರೆಕ್ಕ ಹುದ್ದಾ ಹೋಗ್ತದ್ರಿ. ದಾರ ಎಲ್ಲಿ ಹೋಗ್ತದ?" ಅಂದರು.

ಈ ಬರಹಕ್ಕೆ ಕಾರಣ ಆ ದಾರವೇ. ಕಳೆದ ಕೆಲವು ವರ್ಷಗಳಲ್ಲಿ ಬೀದರ್ ನಗರದಲ್ಲಿ, ಭಾಲ್ಕಿಯಲ್ಲಿ, ಅಷ್ಟಿಷ್ಟು ಔರಾದಿನಲ್ಲೂ ನೌಕರಿ ಮಾಡುವವರ ಮೈಮೇಲೆ ಹೆಸರು ಕಾಣಿಸಿಕೊಳ್ಳತೊಡಗಿದೆ. ಜಾಕೀಟಿನ ಎದೆ, ಶರ್ಟಿನ ಜೇಬು, ಕೆಲವರಿಗೆ ಕಫಿನ ಅಂಚು. ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಬಂದ ಮೇಲೆ ಮದುವೆ ಬ್ಲೌಸಿಗೆ ಕಟ್ಟಿದ ಅಂಗಡಿಗಳೇ ಈ ಕೆಲಸವನ್ನೂ ಹಿಡಿದುಕೊಂಡಿವೆ. ಪಾತ್ರೆಯಂಗಡಿಯಲ್ಲಿ ಸ್ಟೀಲಿನ ಕೊಡದ ಮೇಲೆ ಹೆಸರು ಕೊರೆಸಿಕೊಂಡು ಬೆಳೆದ ನಾವು, ಅದೇ ಸಲುಗೆಯಿಂದ ಬಟ್ಟೆಯ ಮೇಲೂ ಬರೆಸುತ್ತಿದ್ದೇವೆ. ಇದನ್ನು ಬರೀ ಷೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಕಸೂತಿಯನ್ನೋ ಒಂದು ಕಟ್ಟಡವನ್ನೋ ನೋಡುವಂತೆ ಇದನ್ನೂ ನೋಡಬೇಕು. ಕೆಲಸ ಹೇಗಿದೆ, ಯಾರಿಗೆ ಮಾಡಿದ್ದು, ಯಾರು ಓದುತ್ತಾರೆ ಎಂದು ಕೇಳಬೇಕು.

ಕೆಲಸ ಹೇಗಿದೆ ಎಂದರೆ, ಬಹುಪಾಲು ಕೆಟ್ಟದಾಗಿದೆ. ಯಂತ್ರಕ್ಕೆ ಇಂಗ್ಲಿಷಿನ ದಪ್ಪಕ್ಷರ ಒಗ್ಗಿದಷ್ಟು ಕನ್ನಡ ಒಗ್ಗಿಲ್ಲ. ಕನ್ನಡದ ಅಕ್ಷರಕ್ಕೆ ತಲೆಕಟ್ಟು ಬೇಕು, ಹೊಟ್ಟೆಯೊಳಗೆ ಗಾಳಿ ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಅರ್ಧ ಇಂಚಿನ ಎತ್ತರದಲ್ಲಿ 'ಸಿದ್ರಾಮಪ್ಪ' ಎಂದು ಹೊಲಿದರೆ ದ ಕೆಳಗಿನ ರ ಒತ್ತು, ಪ ಕೆಳಗಿನ ಪ ಒತ್ತು ಎರಡೂ ದಾರದ ಗಂಟಾಗಿ ಕೂಡುತ್ತವೆ. ದೂರದಿಂದ ನೋಡಿದವರಿಗೆ ಎದೆಯ ಮೇಲೆ ಇರುವೆ ಸಾಲು ಹತ್ತಿದಂತೆ ಕಾಣುತ್ತದೆ. ಹೀಗಾಗಿ ಅಂಗಡಿಯವನೇ "ಇಂಗ್ಲಿಷ್ನಾಗ ಹಾಕ್ಸ್ರಿ ಸರ, ನೀಟ್ ಬರ್ತದ" ಅನ್ನುತ್ತಾನೆ, ಇವರೂ ಒಪ್ಪುತ್ತಾರೆ. ಕನ್ನಡದಲ್ಲಿ ಹಾಕಿಸಿದರೂ ಇನಿಷಿಯಲ್ಲು ಇಂಗ್ಲಿಷಿನದೇ. ಶಿವರಾಜ ಬಸಪ್ಪ ಎಂಬುವವರು 'ಎಸ್.ಬಿ.' ಆಗುತ್ತಾರೆ. 'ಶಿ.ಬ.' ಎಂದು ಬರೆಸಿದವರನ್ನು ನಾನು ಕಂಡಿಲ್ಲ. ಕತೆ ಬರೆಯುವವರಿಗೆ ಮಾತ್ರ ಆ ಧೈರ್ಯವಿತ್ತು.

ಇನ್ನು ಜಾಗ. ಪೊಲೀಸರಿಗೂ ಸೈನ್ಯದವರಿಗೂ ಹೆಸರಿನ ಪಟ್ಟಿ ಬಲ ಎದೆಯ ಮೇಲಿರುತ್ತದೆ. ಎಡಗಡೆ ಪದಕಗಳ ಜಾಗ. ಬೀದರಿನವರಿಗೆ ಇದು ಹೊಸ ನೋಟವೇನಲ್ಲ. ವಾಯುಪಡೆಯ ತರಬೇತಿ ನೆಲೆ ಊರ ಪಕ್ಕದಲ್ಲೇ ಇದೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲೇ. ಪೈಲಟ್ ಎದೆಯ ಮೇಲೆ ಹೆಸರು ಇರುವುದಕ್ಕೆ ಕಾರಣವಿದೆ. ಒಂದೇ ಬಣ್ಣದ ಬಟ್ಟೆ ತೊಟ್ಟ ಹತ್ತು ಜನರಲ್ಲಿ ಯಾರು ಯಾರೆಂದು ತಿಳಿಯಬೇಕು. ನಮ್ಮ ಜಾಕೀಟಿನವರು ಹೆಸರನ್ನು ಎಡಕ್ಕೆ ಹಾಕಿಸುತ್ತಾರೆ. ಅದು ಸೈನ್ಯದಿಂದ ಬಂದದ್ದಲ್ಲ, ಟೀ ಶರ್ಟಿನ ಮೊಸಳೆಯಿಂದ ಬಂದದ್ದು. ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ತ್ 1933ರಲ್ಲಿ ಅಂಗಿಯ ಮೇಲೆ ಮೊಸಳೆ ಹೊಲಿಸಿ ಮಾರತೊಡಗಿದ ಮೇಲೆ, ಕಂಪನಿಯ ಗುರುತನ್ನು ಎದೆಯ ಮೇಲೆ ಹೊತ್ತು ತಿರುಗುವುದು ಜಗತ್ತಿನ ಗಂಡಸರ ರೂಢಿಯಾಯಿತು. ಮೊಸಳೆಗೆ ದುಡ್ಡು ಕೊಟ್ಟವರು ನಾವು, ಪ್ರಚಾರ ಮೊಸಳೆಗೆ. ಈ ದಿಕ್ಕಿನಿಂದ ನೋಡಿದರೆ, ಯಾವನೋ ವ್ಯಾಪಾರಿಯ ಗುರುತು ಕಿತ್ತು ತನ್ನ ಹೆಸರು ಹಾಕಿಕೊಂಡವನಲ್ಲಿ ಒಂದು ಸ್ವಾಭಿಮಾನ ಇದೆ ಎಂದು ಒಪ್ಪಬೇಕು. ನಾನು ಒಪ್ಪುತ್ತೇನೆ, ಅರ್ಧ.

ಉಳಿದರ್ಧ ಯಾಕಿಲ್ಲ ಎಂದರೆ, ಹೆಸರು ಯಾರು ಓದಬೇಕೋ ಅವರಿಗೆ ಕಾಣುವುದಿಲ್ಲ. ಕಚೇರಿಯಲ್ಲಿ ಕೊರಳಿಗೆ ಐಡಿ ಕಾರ್ಡು ಹಾಕಿಕೊಳ್ಳಬೇಕೆಂಬ ನಿಯಮ ಇರುವುದು ಪಹಣಿಗೆ ಬಂದ ರೈತನಿಗೆ ಎದುರಿಗೆ ಕೂತವರು ಯಾರೆಂದು ಗೊತ್ತಾಗಲಿ ಎಂದು. ಆದರೆ ಕೌಂಟರಿನ ಹಿಂದೆ ಆ ಕಾರ್ಡು ಶರ್ಟಿನ ಜೇಬಿನೊಳಗೆ ಇಳಿದಿರುತ್ತದೆ. ಕೊರಳಲ್ಲಿ ಕಾಣುವುದು ಬರೀ ಪಟ್ಟಿ. ಹೆಸರು ಹೊಲಿಸಿದ ಜಾಕೀಟು ಮಾತ್ರ ಸಮಾರಂಭಕ್ಕೆ, ಮದುವೆಗೆ, ಸಾಹೇಬರ ಮಗನ ಹುಟ್ಟುಹಬ್ಬಕ್ಕೆ ಹೊರಬರುತ್ತದೆ. ಅಲ್ಲಿದ್ದವರಿಗೆಲ್ಲ ಇವರ ಹೆಸರು ಮೊದಲೇ ಗೊತ್ತು. ಗೊತ್ತಿಲ್ಲದವನ ಮುಂದೆ ಮುಚ್ಚಿದ ಹೆಸರು ಗೊತ್ತಿದ್ದವರ ಮುಂದೆ ಮಿಂಚುತ್ತದೆ.

ಅಡ್ಡಮಾತು ಒಂದು. ನಮ್ಮ ಸೀಮೆಯಲ್ಲಿ ಹುದ್ದೆಯನ್ನು ಮೈಮೇಲೆ ಬರೆಸುವ ಅಗತ್ಯವೇ ಇರಲಿಲ್ಲ. ಹುದ್ದೆ ಹೆಸರಿನಲ್ಲೇ ಹೊಲಿದುಕೊಂಡಿತ್ತು. ಪಾಟೀಲ, ಮಾಲಿಪಾಟೀಲ, ಬಿರಾದಾರ, ಕುಲಕರ್ಣಿ, ದೇಶಮುಖ, ದೇಶಪಾಂಡೆ. ಇವೆಲ್ಲ ಒಂದು ಕಾಲದ ಕಚೇರಿಯ ಕುರ್ಚಿಗಳು. ಕಂದಾಯ ಎತ್ತುವವನು, ಲೆಕ್ಕ ಬರೆಯುವವನು, ಪರಗಣೆ ನೋಡಿಕೊಳ್ಳುವವನು. ಸುಲ್ತಾನರೂ ಹೋದರು, ನಿಜಾಮರೂ ಹೋದರು, ಹುದ್ದೆ ಅಡ್ಡಹೆಸರಾಗಿ ಮಕ್ಕಳ ಶಾಲೆಯ ಹಾಜರಿ ಪುಸ್ತಕದವರೆಗೂ ಬಂತು. ಇಂಥ ಹೆಸರಿದ್ದವರಿಗೆ ಜಾಕೀಟಿನ ದಾರ ದಂಡ. ಆ ದಾರದ ಆಸೆ ಹೆಚ್ಚಾಗಿ ಕಾಣುವುದು ಹೆಸರಿನಲ್ಲಿ ಕುರ್ಚಿ ಇಲ್ಲದವರಲ್ಲಿ. ಈ ಮಾತಿಗೆ ಔರಾದಿಗೆ ಹೋದಾಗ ಮತ್ತೆ ಬರುತ್ತೇನೆ.

ಬಟ್ಟೆಯ ಮೇಲೆ ಗುರುತು ಹಾಕುವುದು ಇಲ್ಲಿ ಹಳೆಯ ಕೆಲಸ. ಹಾಕುತ್ತಿದ್ದವರು ಬೇರೆ. ಅಗಸರ ಮನೆಯವರು ಕೇರುಬೀಜಕ್ಕೆ ಸೂಜಿ ಚುಚ್ಚಿ, ಅದರ ಕರಿ ರಸದಿಂದ ಕಾಲರಿನ ಒಳಮಗ್ಗುಲಲ್ಲೋ ಧೋತ್ರದ ಅಂಚಿನಲ್ಲೋ ಒಂದು ಚುಕ್ಕೆ, ಎರಡು ಗೆರೆ, ಒಂದು ಕತ್ತರಿ ಗುರುತು ಹಾಕುತ್ತಿದ್ದರು. ಮರಾಠಿ ಮಾತಾಡುವವರು ಬಿಬ್ಬಾ ಎನ್ನುವ ಈ ಬೀಜದ ರಸ ಒಮ್ಮೆ ನೂಲಿಗೆ ಹಿಡಿದರೆ ಬಟ್ಟೆ ಹರಿದರೂ ಹೋಗುವುದಿಲ್ಲ. ಓದು ಬಾರದ ಕೈ ಬರೆದ, ಓದು ಬಾರದ ಕಣ್ಣೇ ಓದುವ ಲಿಪಿ ಅದು. ಗೌಡನ ಧೋತ್ರಕ್ಕೂ ಒಕ್ಕಲಿಗನ ಅಂಗಿಗೂ ಗುರುತು ಬೇರೆ, ಗಾತ್ರ ಒಂದೇ. ಧರಿಸಿದವನಿಗೆ ಅದು ಕಾಣುತ್ತಿರಲಿಲ್ಲ, ಕುತ್ತಿಗೆಯ ಹಿಂದಿರುತ್ತಿತ್ತು. ಅದರ ಅರ್ಥ ಗೊತ್ತಿದ್ದುದು ತೊಳೆಯುವವಳಿಗೆ. ಬಟ್ಟೆ ತನ್ನ ಯಜಮಾನನ ಮನೆಗೆ ವಾಪಸು ಬರಬೇಕು, ಅಷ್ಟೇ ಅದರ ಕೆಲಸ. ನಾನು ಕಂಡ ಬಟ್ಟೆಯ ಗುರುತುಗಳಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ಚೊಕ್ಕ ಕೆಲಸ ಮಾಡಿದ್ದು ಮತ್ತೊಂದಿಲ್ಲ. ಶರಣರ ಬಟ್ಟೆಯನ್ನಲ್ಲದೆ ಬೇರೆಯವರದನ್ನು ಮುಟ್ಟೆನೆಂದ ಮಡಿವಾಳ ಮಾಚಿದೇವರ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಯಾರ ಬಟ್ಟೆ ಯಾವುದೆಂದು ತೀರ್ಮಾನಿಸುವ ಅಧಿಕಾರ ಅಗಸನ ಕೈಯಲ್ಲಿತ್ತೆಂಬುದನ್ನು ಆ ಪುರಾಣವೂ ಹೇಳುತ್ತದೆ.

ಕಲ್ಯಾಣದ ಮಾತು ಬಂತು. ಅಲ್ಲಿ ಕಾಯಕವೇ ಹೆಸರಿನ ಮುಂದಿನ ಬಿರುದು. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ. ದರ್ಜಿಯೊಬ್ಬ ತನ್ನ ಸೂಜಿಯನ್ನೇ ಹೆಸರಿಗೆ ಚುಚ್ಚಿಕೊಂಡದ್ದು. ಬರೆದದ್ದಕ್ಕೆ ಸಹಿ ಹಾಕುವಾಗ ಮಾತ್ರ, ಚೌಡಯ್ಯನಂಥವರನ್ನು ಬಿಟ್ಟರೆ, ಹೆಚ್ಚಿನವರು ತಮ್ಮ ಹೆಸರು ಬಿಟ್ಟು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಇದನ್ನು ಹಿಡಿದು ಇಂದಿನವರಿಗೆ ಉಪದೇಶ ಮಾಡಲು ನನಗೆ ಮನಸ್ಸಿಲ್ಲ. ವೇದಿಕೆಯ ಮೇಲೆ ವಚನ ಹೇಳಿ ಕೆಳಗಿಳಿದು ಮುಂದಿನ ಸಾಲಿನ ಕುರ್ಚಿ ಹುಡುಕುವವರನ್ನು ಬೀದರಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಇನ್ನೊಂದು ಗುರುತು ಆಯೇರಿಯದು. ಮದುವೆಯಲ್ಲಿ ಬೀಗರಿಗೆ, ಅಳಿಯಂದಿರಿಗೆ, ಸೋದರಮಾವನಿಗೆ ಟಾವೆಲ್-ಟೋಪಿ, ಶರ್ಟ್ ಪೀಸು, ಪ್ಯಾಂಟ್ ಪೀಸು. ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು. ಎಲ್ಲರಿಗೂ ಗೊತ್ತು, ಆ ಪೀಸು ಹೊಲಿಯುವುದಕ್ಕಲ್ಲ. ಟ್ರಂಕಿಗೆ ಹೋಗಿ, ಮುಂದಿನ ಲಗ್ನದಲ್ಲಿ ಹೆಸರು ಬದಲಾಗಿ ಬೇರೆ ಮನೆಗೆ ಹೋಗುತ್ತದೆ. ನನ್ನದೇ ಕೈಬರಹವಿದ್ದ ಕವರು ನಾಲ್ಕು ಲಗ್ನ ತಿರುಗಿ ನನಗೇ ವಾಪಸು ಬಂದದ್ದುಂಟು. ಬಟ್ಟೆ ಯಾರ ಮೈಗೂ ಹತ್ತದೆ ಎಲ್ಲರ ಮಾನವನ್ನೂ ಕಾಯುವ ಈ ವ್ಯವಸ್ಥೆಯನ್ನು ಹೊಸ ಜಾಕೀಟು ಮುರಿದಿದೆ. ಹೆಸರು ಹೊಲಿದ ಬಟ್ಟೆಯನ್ನು ಮತ್ತೊಬ್ಬರಿಗೆ ಆಯೇರಿ ಮಾಡಲು ಬರುವುದಿಲ್ಲ. ಅಲ್ಲಿಗೇ ನಿಲ್ಲುತ್ತದೆ.

ಹೆಣ್ಣುಮಕ್ಕಳು ಈ ಆಟವನ್ನು ಬೇರೆ ರೀತಿ ಆಡುತ್ತಾರೆ. ಮಹಿಳಾ ದಿನಕ್ಕೋ ಶಿಕ್ಷಕರ ದಿನಕ್ಕೋ ಇಪ್ಪತ್ತು ಮಂದಿ ಶಿಕ್ಷಕಿಯರು ವಾಟ್ಸಾಪಿನಲ್ಲಿ ಬಣ್ಣ ಗೊತ್ತುಮಾಡಿ ಒಂದೇ ಥಾನಿನ ಸೀರೆ ತರಿಸುತ್ತಾರೆ. ಸೀರೆ ಒಂದೇ, ಬ್ಲೌಸು ಬೇರೆ. ಯಾರ ತೋಳಿನ ಮೇಲೆ ಎಷ್ಟು ಆರಿ ವರ್ಕು, ಬೆನ್ನಿನ ಮೇಲೆ ಏನು ಚಿತ್ರ ಎಂಬುದರಲ್ಲಿ ಅಂತಸ್ತಿನ ಲೆಕ್ಕವೆಲ್ಲ ತೀರುತ್ತದೆ. ಗಂಡಸರ ಎದೆಯ ಮೇಲಿನ ಕೂಗಿಗಿಂತ ಈ ಪಿಸುಮಾತು ನನಗೆ ಹೆಚ್ಚು ಇಷ್ಟ. ಕೆಲಸವೂ ಇದರಲ್ಲೇ ಚೊಕ್ಕ, ಯಾಕೆಂದರೆ ಬಹಳ ಸಲ ಅದು ಕೈಯಿಂದ ಆಗಿರುತ್ತದೆ.

ಬಟ್ಟೆಯಿಂದ ಮನುಷ್ಯನನ್ನು ತೂಗುವುದು ಬೀದರಿಗೆ ಹೊಸದಲ್ಲ. 1469ರ ಸುಮಾರಿಗೆ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫಾನಾಸಿ ನಿಕಿತಿನ್ ಒಂದು ಕುದುರೆ ಮಾರಲು ಬಂದು ಇಲ್ಲಿ ಉಳಿದಿದ್ದ. ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾನ ಕಾಲ, ಮಹಮೂದ್ ಗಾವಾನ್ ಮಂತ್ರಿ. ಹಬ್ಬದ ದಿನ ಸುಲ್ತಾನನ ನಿಲುವಂಗಿಯ ತುಂಬ ನೀಲಮಣಿ, ಮುಕುಟದ ಮೇಲೆ ದೊಡ್ಡ ವಜ್ರ ಇದ್ದುದನ್ನು ಆತ ಬರೆದಿಟ್ಟಿದ್ದಾನೆ. ಅಮೀರರನ್ನು ಬೆಳ್ಳಿಯ ಮಂಚದ ಮೇಲೆ ಹೊತ್ತು ಸಾಗುತ್ತಿದ್ದರು, ಅವರ ಸುತ್ತಲಿನ ನಾಡಿನ ಜನಕ್ಕೆ ಮೈಮುಚ್ಚಲೂ ಬಟ್ಟೆ ಸಾಲದಾಗಿತ್ತು ಎಂಬುದನ್ನೂ ಅದೇ ಕಣ್ಣು ನೋಡಿತು. ಆಗ ದೊರೆ ಮೆಚ್ಚಿದವನಿಗೆ ಸಿಗುತ್ತಿದ್ದುದು ಖಿಲತ್ತು, ಅಂದರೆ ಮರ್ಯಾದೆಯ ನಿಲುವಂಗಿ. ಅದನ್ನು ತಾನೇ ಹೊಲಿಸಿಕೊಳ್ಳುವಂತಿಲ್ಲ, ಮೇಲಿನವನ ಕೈಯಿಂದ ಬರಬೇಕು. ಕೊಟ್ಟ ಕೈ ಕಸಿದುಕೊಳ್ಳಲೂಬಹುದು. ಗಾವಾನನಿಗೆ ನಿಲುವಂಗಿಯೂ ಬಿರುದೂ ಕೊಟ್ಟ ಅರಮನೆಯೇ 1481ರಲ್ಲಿ ಅವನ ತಲೆಯನ್ನೂ ತೆಗೆಯಿತು.

ನಿಜಾಮರ ಕಾಲದಲ್ಲಿ ಶೇರ್ವಾನಿ ಬಂತು. ದರ್ಬಾರಿಗೆ ಹೋಗುವವರು ಅದರ ಮೇಲೆ ಬಗಲೂಸ್ ಎಂಬ ನಡುಪಟ್ಟಿ ಬಿಗಿದು, ತಲೆಗೆ ದಸ್ತಾರ್ ಇಟ್ಟುಕೊಳ್ಳಬೇಕಿತ್ತು. ಅವರೆಲ್ಲ ಹಾಗೆ ಬಿಗಿದುಕೊಂಡು ನಿಂತಾಗ ಮುಂದೆ ಕೂತಿದ್ದ ಮೀರ್ ಉಸ್ಮಾನ್ ಅಲಿ ಖಾನರು ಹಳೆಯ ಟೋಪಿ, ಮಾಸಿದ ಶೇರ್ವಾನಿಗೆ ಹೆಸರಾದವರು. 1937ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಜಗತ್ತಿನ ಅತಿ ಶ್ರೀಮಂತನೆಂದು ಬಂದವರೂ ಅವರೇ. ಇದರಲ್ಲಿ ವೈರಾಗ್ಯ ಹುಡುಕಬೇಕಾಗಿಲ್ಲ. ಗುರುತು ತೊಡುವ ಕೆಲಸ ಕೆಳಗಿನವರದು, ಬಿಡುವ ಸವಲತ್ತು ಮೇಲಿನವರದು. ಇವತ್ತಿನ ಕಚೇರಿಯಲ್ಲೂ ಅಷ್ಟೇ. ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬಂದ ಎಳೆಯ ಐಎಎಸ್ ಅಧಿಕಾರಿ ಅರ್ಧ ತೋಳಿನ ಶರ್ಟಿನಲ್ಲಿ ಕೋಟೆ ಸುತ್ತ ಸೈಕಲ್ ಹೊಡೆದರೆ ಸರಳತೆ ಎಂದು ಪತ್ರಿಕೆಯಲ್ಲಿ ಬರುತ್ತದೆ. ಎಫ್‌ಡಿಎ ಇಸ್ತ್ರಿ ಇಲ್ಲದೆ ಬಂದರೆ ಅಶಿಸ್ತು. ವಕೀಲರನ್ನು ನೋಡಿ. ಬೇಸಿಗೆಯಲ್ಲಿ ಕೆಳ ನ್ಯಾಯಾಲಯಗಳಲ್ಲಿ ಕರಿಕೋಟು ಕಡ್ಡಾಯವಲ್ಲವೆಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಆದರೂ ಮೇ ತಿಂಗಳ ಬಿಸಿಲಲ್ಲಿ ಕೋಟನ್ನು ತೋಳಿನ ಮೇಲಾದರೂ ಹಾಕಿಕೊಂಡು ನಡೆಯುತ್ತಾರೆ. ಕೋಟಿಲ್ಲದವನನ್ನು ಕಕ್ಷಿದಾರ ಗುಮಾಸ್ತನೆಂದು ತಿಳಿದುಬಿಟ್ಟರೆ?

ಹೆಸರು ಹೊಲಿಸಿದ ಬಟ್ಟೆಗಳಲ್ಲಿ ದೇಶವೆಲ್ಲ ನೋಡಿದ್ದು 2015ರ ಜನವರಿ 25ರಂದು. ಬರಾಕ್ ಒಬಾಮಾರನ್ನು ಎದುರುಗೊಂಡ ಪ್ರಧಾನಿ ನರೇಂದ್ರ ಮೋದಿಯವರ ಗಾಢ ನೀಲಿ ಸೂಟಿನ ಮೇಲಿನ ಗೆರೆಗಳು ಗೆರೆಗಳಾಗಿರಲಿಲ್ಲ. ಕ್ಯಾಮೆರಾ ಹತ್ತಿರ ಹೋದಾಗ ಅವು ಅವರ ಹೆಸರಿನ ಸಣ್ಣ ಅಕ್ಷರಗಳ ಸಾಲು ಎಂದು ತಿಳಿಯಿತು. ಈಜಿಪ್ಟಿನ ಹೋಸ್ನಿ ಮುಬಾರಕ್ ಇಂಥದೇ ಸೂಟು ತೊಟ್ಟಿದ್ದ ಚಿತ್ರಗಳು ಅದಕ್ಕೂ ಮುಂಚೆಯೇ ಓಡಾಡಿದ್ದವು. ಮುಂದಿನ ತಿಂಗಳು ಸೂರತ್‌ನಲ್ಲಿ ಹರಾಜಾಗಿ ಸೂಟು 4.31 ಕೋಟಿ ರೂಪಾಯಿಗೆ ಹೋಯಿತು, ಹಣ ಗಂಗಾ ಶುದ್ಧೀಕರಣಕ್ಕೆ. ಕುಶಲತೆಯ ಮಾತಷ್ಟೇ ಆದರೆ ನಮ್ಮ ಜಾಕೀಟಿಗಿಂತ ಅದು ಎಷ್ಟೋ ಮೇಲು. ದೂರಕ್ಕೆ ಗೆರೆ, ಹತ್ತಿರಕ್ಕೆ ಅಕ್ಷರ. ಆದರೆ ಅದು ಹತ್ತಿರ ಬರುವವರಿಗಷ್ಟೇ ಬರೆದ ಬರಹ, ಪ್ರಧಾನಿಯ ಹತ್ತಿರ ಯಾರು ಬರುತ್ತಾರೆ? ಇನ್ನೊಂದು ತಮಾಷೆ ನಮ್ಮೂರಿಗೆ ಸೇರಿದ್ದು. ಆ ದಿನದ ಮಾತುಕತೆ ನಡೆದ ಹೈದರಾಬಾದ್ ಹೌಸ್ ದೆಹಲಿಯಲ್ಲಿ ನಿಜಾಮರು ಕಟ್ಟಿಸಿದ ಮನೆ. ಮಾಸಿದ ಶೇರ್ವಾನಿಯವರ ಮನೆಯಲ್ಲಿ ಹೆಸರಿನ ಸೂಟು! ಮರುವರ್ಷ ನಮ್ಮ ರಾಜ್ಯದ ಸರದಿ. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹ್ಯೂಬ್ಲೋ ಕೈಗಡಿಯಾರದ ಗದ್ದಲವೆದ್ದು, ಅವರು ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿ ಸರ್ಕಾರದ ಆಸ್ತಿ ಮಾಡಿದರು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಮೈಮೇಲೆ ತನ್ನದೇ ಒಂದು ಗುರುತು ಬೇಕು ಎನ್ನುವವನಿಗೆ ಜಗತ್ತಿನಲ್ಲೇ ಒಳ್ಳೆಯ ಸಾಮಾನು ಸಿಗುವ ಊರು ಬೀದರ್. ಚೌಬಾರಾದ ರಸ್ತೆಯಲ್ಲಿ ನಡೆದರೆ ಬಿದರಿಯ ಅಂಗಡಿಗಳು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಕೊರೆದ ಗೆರೆಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕಡೆಗೆ ಕೋಟೆಯೊಳಗಿನ ಬಿಸಿಲು ಮಳೆ ಕಾಣದ ಮೂಲೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಅದರಲ್ಲಿ ತಿಕ್ಕಿದರೆ ಲೋಹ ಮಾತ್ರ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಕುಶಲಕರ್ಮಿ ನಾಲಿಗೆಯ ಮೇಲಿಟ್ಟು ನೋಡುತ್ತಾನೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಬಿದರಿ ಹುಕ್ಕಾದ ಬುರುಡೆಗಳು ಗಾಜಿನೊಳಗೆ ಕೂತಿವೆ.

ಇದೇ ಕೈಗಳು ಶೇರ್ವಾನಿಯ ಗುಂಡಿ ಮಾಡುತ್ತವೆ, ಕಫ್‌ಲಿಂಕ್ ಮಾಡುತ್ತವೆ. ಕೈಯಿಂದ ಕೊರೆದದ್ದಾದ್ದರಿಂದ ಒಂದರ ಬಳ್ಳಿ ಇನ್ನೊಂದರಂತೆ ಇರುವುದಿಲ್ಲ. ತನ್ನದೆನ್ನಲು ಹೆಸರೇ ಬೇಕಿಲ್ಲ. ಒಂದು ಸಣ್ಣ ಅಶರ್ಫಿ ಬೂಟಿ ಸಾಕು. ಆದರೆ ಬೀದರಿನ ನೌಕರದಾರ ಬಿದರಿ ಕೊಳ್ಳುವುದು ಯಾವಾಗ? ಮಂತ್ರಿ ಬಂದಾಗ, ಕಾರ್ಯದರ್ಶಿ ಬಂದಾಗ, ಬೆಂಗಳೂರಿನ ಬೀಗರಿಗೆ ಕೊಡಬೇಕಾದಾಗ. ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಹೂದಾನಿ ಇರಬಹುದು, ಎಣ್ಣೆ ಕಾಣದೆ ಬೂದಿ ಬಣ್ಣಕ್ಕೆ ತಿರುಗಿದ್ದು. ಮೈಮೇಲೆ ಇಲ್ಲ. ಊರಿನ ಹೆಮ್ಮೆ ಎಂದು ಭಾಷಣ ಮಾಡುವವರ ಅಂಗಿಗೆ ಪ್ಲಾಸ್ಟಿಕ್ ಗುಂಡಿ. ಅತಿಥಿಗೆ ಕೊಡುವಷ್ಟು ದೊಡ್ಡದು, ತಾನು ತೊಡುವಷ್ಟು ದೊಡ್ಡದಲ್ಲ ಎಂಬ ಈ ಭಾವನೆ ಎಲ್ಲಿಂದ ಬಂತೋ!

ಬಿದರಿಯ ಪರ ವಕಾಲತ್ತು ಹಿಡಿದೆ ಎಂದು ಅದರ ದೋಷ ಮುಚ್ಚಿಡುವುದಿಲ್ಲ. ಸತು ತೂಕದ ಲೋಹ. ತೆಳು ಕಾಟನ್ ಶರ್ಟಿಗೆ ಬಿದರಿ ಗುಂಡಿ ಹಾಕಿಸಿದರೆ ಬಟ್ಟೆ ಜೋತುಬೀಳುತ್ತದೆ, ಕಾಜಾ ಹಿಗ್ಗುತ್ತದೆ. ದೋಬಿಗೆ ಕೊಡುವ ಮುಂಚೆ ಬಿಚ್ಚಿಡಬೇಕು. ಕಲ್ಲಿನ ಮೇಲೆ ಬಿದ್ದರೆ ಒಡೆಯಲೂಬಹುದು. ದಪ್ಪ ಶೇರ್ವಾನಿಗೆ ಹುಟ್ಟಿದ ಸಾಮಾನು ಅದು. ಜಾಕೀಟಿನ ಬಟ್ಟೆ ಮಾತ್ರ ಅದನ್ನು ಹೊರಬಲ್ಲದು. ಬೂದು ಜಾಕೀಟಿನ ಮೇಲೆ ಐದು ಕಪ್ಪು ಗುಂಡಿ, ಒಂದೊಂದರಲ್ಲೂ ಬೆಳ್ಳಿಯ ಒಂದು ಎಳೆ. ಹೆಸರು ಹೊಲಿಸಲು ಹೋದ ಅದೇ ಜಾಕೀಟು! ಇದನ್ನು ಯಾರಾದರೂ ತೊಟ್ಟು ಬಂದರೆ ಅವರ ಹುದ್ದೆ ಏನೆಂದು ನಾನು ಕೇಳುವುದಿಲ್ಲ.

ಭಾಲ್ಕಿಯವರಿಗೆ ಗುರುತಿನ ಫಲಕದ ಬಗ್ಗೆ ಬೇರೆ ಪಾಠವೇ ಬೇಡ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಬಾಗಿಲ ಮೇಲಿನ ಬರಹ ಅಧಿಕಾರಿಗಳ ಕಣ್ಣಿಗೆ, ಒಳಗಿನದು ಮಕ್ಕಳಿಗೆ. ಹೊರಗುರುತನ್ನು ಇಷ್ಟು ಜಾಣತನದಿಂದ ದುಡಿಸಿಕೊಂಡ ಊರಿನಲ್ಲಿ ಇವತ್ತು ಬರೀ ಹೊರಗುರುತಿಗೆ ಪಟ್ಟಿ ಎತ್ತುತ್ತಿದ್ದೇವೆ.

ಇಷ್ಟೆಲ್ಲ ಬರೆದುಕೊಂಡು ಔರಾದಿಗೆ ಹೋದಾಗ ನನ್ನ ಮಾತಿನ ಗತ್ತು ಇಳಿಯಿತು. ಔರಾದ್ ರಾಜ್ಯದ ಉತ್ತರದ ತುತ್ತತುದಿ. ಒಂದು ಕಡೆ ಮಹಾರಾಷ್ಟ್ರ, ಒಂದು ಕಡೆ ತೆಲಂಗಾಣ. ಬಹಳ ಕಾಲ ಶಿಕ್ಷೆಯ ವರ್ಗಾವಣೆಗೆ ಹೆಸರಾದ ಜಾಗ. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ, ತಾಂಡಾಗಳು ಬಹಳ. ಸಂವಿಧಾನಕ್ಕೆ 371(ಜೆ) ಸೇರಿದ 2012ರ ತಿದ್ದುಪಡಿಯ ನಂತರ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲು ಸಿಕ್ಕಿ, ಮನೆತನದಲ್ಲಿ ಮೊದಲ ಸಲ ಕುರ್ಚಿ ಮೇಲೆ ಕೂತ ಹುಡುಗ ಹುಡುಗಿಯರು ಇಲ್ಲಿದ್ದಾರೆ. ಅಂಥ ಒಬ್ಬ ಯುವಕ, ಪಂಚಾಯಿತಿ ಕಚೇರಿಯವನು, ಶರ್ಟಿನ ಜೇಬಿನ ಮೇಲೆ ಪೂರ್ತಿ ಹೆಸರು ಬರೆಸಿಕೊಂಡಿದ್ದ. ನಾನು ನೋಡುತ್ತಿದ್ದುದನ್ನು ಕಂಡು ಅವನೇ ಹೇಳಿದ: "ನಮ್ಮಪ್ಪಗ ಯಾರೂ ಪೂರಾ ಹೆಸರು ಹಿಡ್ದು ಕರೀಲಿಲ್ರಿ ಸರ. ಅರ್ಧಾ ಹೆಸರಲೆ ಕರದ್ರು. ನಂದು ಓದ್ಲಿ."

ಅವನ ಹಿಂದೆ ಚೌಕದಲ್ಲಿ ಅಂಬೇಡ್ಕರರ ಪ್ರತಿಮೆ. ನೀಲಿ ಸೂಟು, ಟೈ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಪುಸ್ತಕ. ಈ ಸೀಮೆಯ ಹಳ್ಳಿಹಳ್ಳಿಯಲ್ಲಿ ಸೂಟು ತೊಟ್ಟ ಮೂರ್ತಿ ಅದೊಂದೇ. ಆ ಸೂಟನ್ನು ಷೋಕಿ ಎನ್ನುವ ಬಾಯಿ ಯಾವುದು? ನ್ಯೂಯಾರ್ಕು, ಲಂಡನ್ನುಗಳಲ್ಲಿ ಓದಿ ಬಂದ ಅಂಬೇಡ್ಕರರು 1917ರಲ್ಲಿ ಬರೋಡದಲ್ಲಿ ನೌಕರಿಗೆ ಸೇರಿದಾಗ ಇರಲು ಮನೆ ಸಿಗದೆ ಪಾರ್ಸಿ ವಸತಿಗೃಹದಲ್ಲಿ ಪಾರ್ಸಿಯ ಹೆಸರು ಬರೆಸಿ ಉಳಿದರು. ಗೊತ್ತಾದಾಗ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. 1934ರಲ್ಲಿ ಇದೇ ನಿಜಾಮ್ ರಾಜ್ಯದ ದೌಲತಾಬಾದ್ ಕೋಟೆಯಲ್ಲಿ ಕೈಕಾಲು ತೊಳೆಯಲು ಕೊಳದ ನೀರು ಮುಟ್ಟಿದ್ದಕ್ಕೆ ಅವರ ತಂಡವನ್ನು ಜನ ಸುತ್ತುವರಿದರು. ಪದವಿ, ಬಟ್ಟೆ ಯಾವುದೂ ಕಾಯಲಿಲ್ಲ. ಆದರೂ ಅವರು ಸೂಟು ಬಿಡಲಿಲ್ಲ. ಬರೋಡದಲ್ಲಿ ಸ್ವಂತ ಹೆಸರನ್ನು ಮುಚ್ಚಿಟ್ಟು ಬದುಕಬೇಕಾಗಿ ಬಂದವರ ಪ್ರತಿಮೆಯ ಎದುರು ನಿಂತು, ಹೆಸರು ಹೊಲಿಸಿಕೊಂಡ ಹುಡುಗನಿಗೆ ದಾರದ ಗುಣ, ಅಕ್ಷರದ ಗಾತ್ರ ಎಂದು ನಾನು ಏನು ಹೇಳಲಿ? ಹೇಳಲಿಲ್ಲ. ಒತ್ತಕ್ಷರ ಸರಿಯಾಗಿ ಬಂದಿರಲಿಲ್ಲ, ಅದನ್ನೂ ಹೇಳಲಿಲ್ಲ.

ಅದೇ ಔರಾದಿನ ತಾಂಡಾದ ಮುದುಕಿಯರ ಕಂಚಳಿಯ ಮೇಲೆ ಕನ್ನಡಿ, ಕವಡೆ, ಕೈಹೊಲಿಗೆ ಈಗಲೂ ಉಂಟು. ಅವರ ಮೊಮ್ಮಗಳು ಬ್ಯಾಂಕಿಗೆ ಹೋಗುವಾಗ ಅದರ ಒಂದು ಎಳೆಯನ್ನೂ ತೊಡುವುದಿಲ್ಲ. ಅಜ್ಜಿಗೆ ಅದು ದಿನದ ಬಟ್ಟೆ, ಮೊಮ್ಮಗಳಿಗೆ ತಾಂಡಾದವಳೆಂದು ಬೆರಳು ತೋರಿಸುವ ಗುರುತು. ಬೆಂಗಳೂರಿನ ಮಾಲಿನಲ್ಲಿ ಅದೇ ಕಸೂತಿಯ ಚೀಲ ಹೆಗಲಿಗೆ ಹಾಕಿಕೊಂಡವಳಿಗೆ ಮಾತ್ರ ಅದು ಅಭಿರುಚಿ. ಬಿದರಿ ಗುಂಡಿಯನ್ನು ಬೀದರಿನವರು ತೊಡದಿರುವುದಕ್ಕೂ ಇದಕ್ಕೂ ಒಂದೇ ಕಾರಣ ಇರಬಹುದೇ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ಪೂರ್ತಿ ಒಂದೇ ಅಲ್ಲ. ಬಿದರಿಯನ್ನು ತೊಟ್ಟರೆ ಯಾರೂ ಬೆರಳು ತೋರಿಸುವುದಿಲ್ಲ. ನಮಗೆ ಅಲ್ಲಿ ಇರುವುದು ಬರೀ ಸೋಮಾರಿತನ, ಅವಳಿಗೆ ಇರುವುದು ಭಯ.

ಆ ನಿವೃತ್ತ ಅಧಿಕಾರಿಯನ್ನು ಎರಡು ತಿಂಗಳ ಮೇಲೆ ಭಾಲ್ಕಿಯ ಗಾಂಧಿ ಚೌಕದ ಹತ್ತಿರ ದರ್ಜಿಯ ಅಂಗಡಿಯಲ್ಲಿ ಕಂಡೆ. ಮೊಮ್ಮಗನ ಜಾವಳಕ್ಕೆ ಜಾಕೀಟು ತೊಡಬೇಕು, ಹುದ್ದೆ ಮಾತ್ರ ತೆಗೆಸಬೇಕು. ದರ್ಜಿ ಕನ್ನಡಕ ಮೂಗಿಗಿಳಿಸಿ, ಅಸ್ತರು ಬಿಚ್ಚಿ, ಒಳಗಿನಿಂದ ಬ್ಲೇಡಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಕತ್ತರಿಸಿದ. ಬಂಗಾರದ ದಾರ ಪುಡಿಪುಡಿಯಾಗಿ ಮೇಜಿನ ಮೇಲೆ ಬಿತ್ತು. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದ. ದಾರ ಹೋದರೂ ಸೂಜಿಯ ತೂತುಗಳು ಸಾಲಾಗಿ ನಿಂತಿದ್ದವು, ಮನಸ್ಸು ಮಾಡಿದರೆ ಹುದ್ದೆಯನ್ನು ಓದಬಹುದಿತ್ತು. "ಇಸ್ತ್ರಿ ಹೊಡದ್ರ ಒಂದೀಟ್ ಕೂಡ್ತಾವ್ರಿ, ಪೂರಾ ಹೋಗಂಗಿಲ್ಲ" ಅಂದ. ಆಮೇಲೆ ಬ್ಲೇಡನ್ನು ಮೇಲಿನ ಸಾಲಿನ ಹತ್ತಿರ ತಂದು, ತಲೆ ಎತ್ತಿ ಕೇಳಿದ.

"ಹೆಸರು ಇರ್ಲೇನ್ರಿ ಸಾಹೇಬ್ರ, ಅದೂ ತೆಗೀಲಿ?"